ಬೆನ್ನುಮೂಳೆ ಆಪರೇಷನ್‌ನಲ್ಲಿ ಬಿಪಿ ಏರದ, ಇಳಿಯದ ಮತ್ತಿನ ಔಷಧ ಯಾವುದು?

ಬನಹಟ್ಟಿ ಮಗ್ಗ:
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 64 ವರ್ಷ. ಚಿಕ್ಕಂದಿನಿಂದ ಕುಣಿ ಮಗ್ಗದಲ್ಲಿ ಕೂತು ಸೀರೆ ನೇಯ್ದವರು. ಎರಡು ವರ್ಷದಿಂದ ಸೊಂಟ ನೋವು. ಈಗ ಓಣಿಯ ತುದಿಯವರೆಗೂ ನಡೆಯಲು ಆಗುತ್ತಿಲ್ಲ. ಸ್ವಲ್ಪ ನಡೆದರೆ ಎರಡೂ ಕಾಲು ಕಲ್ಲಿನಂತೆ ಭಾರ, ಮುಂದೆ ಬಾಗಿ ಕೂತರೆ ಹಗುರ. ಸೊಂಟದಲ್ಲಿ ನರ ಹೋಗುವ ದಾರಿ ಎರಡು ಕಡೆ ಕಿರಿದಾಗಿದೆಯಂತೆ. ಅದನ್ನು ಬಿಡಿಸಿ ಸ್ಕ್ರೂ, ರಾಡ್ ಹಾಕಬೇಕು ಎಂದಿದ್ದಾರೆ. ಬೆಳಗಾವಿಯಲ್ಲಿ ಆಪರೇಷನ್. ನಾಲ್ಕು ತಾಸು ಹಿಡಿಯಬಹುದು.

ನನ್ನ ಚಿಂತೆ ಆಪರೇಷನ್‌ದಲ್ಲ, ಮತ್ತಿನದು. ಅಪ್ಪನಿಗೆ 11 ವರ್ಷದಿಂದ ಬಿಪಿ ಇದೆ. ಬೆಳಿಗ್ಗೆ ಟೆಲ್ಮಿಸಾರ್ಟಾನ್ 40, ರಾತ್ರಿ ಆಮ್ಲೊಡಿಪಿನ್ 5. ಅರಿವಳಿಕೆ ಕೊಡುವ ಡಾಕ್ಟರ್ ಚೀಟಿ ನೋಡಿ, "ಇವರ ಬಿಪಿ ಮೇಲೆ ಕೆಳಗೆ ಆಗಬಹುದು, ನಾವು ನೋಡಿಕೊಳ್ಳುತ್ತೇವೆ" ಎಂದರು. ಹೊರಗೆ ಬಹಳ ಜನ ಕಾಯುತ್ತಿದ್ದರು, ಜಾಸ್ತಿ ಕೇಳಲು ಆಗಲಿಲ್ಲ. ಮನೆಗೆ ಬಂದು ಓದಿದೆ. ಪ್ರೊಪೊಫಾಲ್, ಎಟೊಮಿಡೇಟ್, ಕೆಟಮಿನ್, ಡೆಕ್ಸ್‌ಮೆಡಿಟೊಮಿಡಿನ್ ಎಂಬ ಹೆಸರು ಸಿಕ್ಕವು. ಎಟೊಮಿಡೇಟ್ ಕೊಟ್ಟರೆ ಬಿಪಿ ಅಲುಗಾಡುವುದೇ ಇಲ್ಲ ಅಂತ ಒಂದು ಕಡೆ ಇತ್ತು. ಹಾಗಿದ್ದರೆ ಎಲ್ಲರಿಗೂ ಅದನ್ನೇ ಯಾಕೆ ಕೊಡುವುದಿಲ್ಲ? ನಾವು ಹೆಸರು ಹೇಳಿ ಕೇಳಬಹುದಾ?

ಇಳಕಲ್ ಅಕ್ಕ:
ತಮ್ಮಾ, ಹೆದರಬೇಡಿ. ನನ್ನ ನಾದಿನಿಗೆ ಹೆರಿಗೆಯಲ್ಲಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟಾಗ ಬಿಪಿ ಒಮ್ಮೆಲೇ ಇಳಿಯಿತು. ಎದೆ ಕಲಸಿ ವಾಂತಿ ಬಂತು. ಡಾಕ್ಟರ್ ಸಲೈನ್ ಓಡಿಸಿ ಏನೋ ಔಷಧ ಕೊಟ್ಟರು, ಎರಡು ನಿಮಿಷದಲ್ಲಿ ಸರಿಹೋಯಿತು. ನಿಮ್ಮ ಅಪ್ಪನಿಗೂ ಅದೇ ಇಂಜೆಕ್ಷನ್ ಇರಬೇಕು, ಅಲ್ವಾ?

ಓಟಿ ಸಿಸ್ಟರ್, ಬಾಗಲಕೋಟೆ:
ಅಕ್ಕಾ, ಅದು ಬೇರೆ, ಇದು ಬೇರೆ. ಹೆಸರು ಒಂದೇ ತರಹ ಇರುವುದರಿಂದ ಬಹಳ ಜನ ಕಲಸಿಕೊಳ್ಳುತ್ತಾರೆ. ನಿಮ್ಮ ನಾದಿನಿಗೆ ಕೊಟ್ಟದ್ದು ಬೆನ್ನಿನ ಇಂಜೆಕ್ಷನ್. ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟುತ್ತದೆ, ಎಚ್ಚರ ಇರುತ್ತದೆ. ಇವರ ಅಪ್ಪನಿಗೆ ಆಗುವುದು ಬೆನ್ನುಮೂಳೆಯ ಆಪರೇಷನ್. ಒಂದೇ ಡಿಸ್ಕ್ ತೆಗೆಯುವ ಸಣ್ಣ ಕೆಲಸವನ್ನು ಕೆಲವರು ಬೆನ್ನಿನ ಇಂಜೆಕ್ಷನ್ ಮೇಲೆ ಮಾಡುತ್ತಾರೆ. ಸ್ಕ್ರೂ ಹಾಕುವ ನಾಲ್ಕು ತಾಸಿನ ಕೆಲಸಕ್ಕೆ ಪೂರ್ತಿ ಮತ್ತು ಬೇಕು. ಗಂಟಲಲ್ಲಿ ಟ್ಯೂಬ್ ಇರುತ್ತದೆ, ರೋಗಿಯನ್ನು ಬೋರಲು ಮಲಗಿಸುತ್ತೇವೆ.

ಅರಿವಳಿಕೆ ವೈದ್ಯ, ವಿಜಯಪುರ:
ಬನಹಟ್ಟಿಯವರೇ, ನಿಮ್ಮ ಪ್ರಶ್ನೆಗೆ ಒಂದು ಸಾಲಿನ ಉತ್ತರ ಇಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಸಾವಕಾಶ ಓದಿ.

ಪ್ರೊಪೊಫಾಲ್ ನೋಡಲು ಹಾಲಿನ ಹಾಗೆ ಬಿಳಿ. ನಮ್ಮ ಕಡೆ ಎಲ್ಲ ಓಟಿಗಳಲ್ಲೂ ದಿನಾ ಬಳಸುವ ಔಷಧ. ರಕ್ತನಾಳಗಳನ್ನು ಸಡಿಲ ಮಾಡುತ್ತದೆ, ಅದರಿಂದ ಬಿಪಿ ಇಳಿಯುತ್ತದೆ. ಬಿಪಿ ಇಳಿದಾಗ ಹೃದಯ ಜೋರಾಗಿ ಬಡಿದು ಸರಿ ಮಾಡಲು ನೋಡುತ್ತದೆ, ಅದು ದೇಹದ ಸ್ವಭಾವ. ಪ್ರೊಪೊಫಾಲ್ ಆ ಸ್ವಭಾವವನ್ನೂ ಮಂಕು ಮಾಡುತ್ತದೆ. ವಯಸ್ಸಾದವರಲ್ಲಿ, ಬಿಪಿ ಗುಳಿಗೆ ನುಂಗುವವರಲ್ಲಿ ಈ ಇಳಿತ ಇನ್ನೂ ಜಾಸ್ತಿ. ಆದರೂ ನಾವು ಇದನ್ನೇ ಕೈಗೆ ತೆಗೆದುಕೊಳ್ಳುತ್ತೇವೆ. ಯಾಕೆಂದರೆ ನಿದ್ದೆ ಹಿತವಾಗಿ ಬರುತ್ತದೆ, ಎಚ್ಚರ ತಿಳಿಯಾಗಿ ಆಗುತ್ತದೆ, ವಾಂತಿ ಕಡಿಮೆ. ಗಟ್ಟಿ ಹುಡುಗನಿಗೆ ಕಿಲೋಗೆ 2 ಮಿಲಿಗ್ರಾಂ ಬೇಕಾದರೆ ನಿಮ್ಮ ಅಪ್ಪನಂಥವರಿಗೆ 1ರಿಂದ ಒಂದೂವರೆ ಸಾಕು. ಅದನ್ನೂ ತಡೆದು ತಡೆದು ಕೊಡಬೇಕು. ಅದೇ ಸಿರಿಂಜನ್ನು ಹದಿನೈದು ಸೆಕೆಂಡಿನಲ್ಲಿ ಖಾಲಿ ಮಾಡಿದರೆ ಬಿಪಿ ಒಂದು ತರಹ, ಎರಡು ನಿಮಿಷ ತೆಗೆದುಕೊಂಡರೆ ಇನ್ನೊಂದು ತರಹ.

ಎಟೊಮಿಡೇಟ್ ಬಗ್ಗೆ ನೀವು ಓದಿದ್ದು ಸುಳ್ಳಲ್ಲ. ಹೃದಯವನ್ನೂ ರಕ್ತನಾಳವನ್ನೂ ಅದು ಹೆಚ್ಚು ಮುಟ್ಟುವುದಿಲ್ಲ. ಹೃದಯ ಬಹಳ ದುರ್ಬಲ ಇರುವವರಿಗೆ ನಾನೂ ಅದನ್ನೇ ಕೊಡುತ್ತೇನೆ. ಆದರೆ ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಮಾಡುವುದನ್ನು ಅದು ತಡೆಯುತ್ತದೆ. ಕಷ್ಟ ಬಂದಾಗ ದೇಹಕ್ಕೆ ಕಸುವು ಕೊಡುವ ಹಾರ್ಮೋನು ಅದು. ಒಂದೇ ಡೋಸಿನ ಈ ಪರಿಣಾಮ ಹಲವು ತಾಸು, ಕೆಲವರಲ್ಲಿ ಒಂದು ದಿನದವರೆಗೂ ಇರುತ್ತದೆ. 1983ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದ ವೈದ್ಯರು ಒಂದು ವಿಷಯ ಬರೆದರು. ಐಸಿಯುನಲ್ಲಿ ಎಟೊಮಿಡೇಟನ್ನು ಡ್ರಿಪ್‌ನಂತೆ ಓಡಿಸಿ ಮಲಗಿಸಿದ ರೋಗಿಗಳಲ್ಲಿ ಸಾವು ಜಾಸ್ತಿ ಕಂಡಿತ್ತು. ಅಂದಿನಿಂದ ಅದನ್ನು ತಾಸುಗಟ್ಟಲೆ ಓಡಿಸುವುದು ನಿಂತಿತು. ಅಂದರೆ ಎಟೊಮಿಡೇಟ್ ಮೊದಲ ನಿಮಿಷಕ್ಕೆ ಮಾತ್ರ. ನಿಮ್ಮ ಅಪ್ಪನ ಉಳಿದ ನಾಲ್ಕು ತಾಸಿಗೆ ಬೇರೆ ಔಷಧ ಬೇಕೇ ಬೇಕು.

ಇನ್ನೊಂದು ಮಾತು. ಟ್ಯೂಬ್ ಹಾಕುವಾಗ ಗಂಟಲು ಕೆರಳಿ ಬಿಪಿ ಜಿಗಿಯುತ್ತದೆ. ಎಟೊಮಿಡೇಟ್ ಅದನ್ನು ತಡೆಯುವುದಿಲ್ಲ. ಬರೀ ಅದನ್ನೇ ನಂಬಿದರೆ ನಿದ್ದೆ ಬರುವಾಗ ಬಿಪಿ ಗಟ್ಟಿ ನಿಲ್ಲುತ್ತದೆ, ಟ್ಯೂಬ್ ಹೋದ ಕೂಡಲೇ 190 ದಾಟಬಹುದು.

ಕೆಟಮಿನ್ ಮಾತ್ರ ಬಿಪಿ ಏರಿಸುವ ಔಷಧ. ಅಪಘಾತವಾಗಿ ರಕ್ತ ಸೋರಿ ಬಂದವರಿಗೆ ಒಳ್ಳೆಯದು. ಮೊದಲೇ ಬಿಪಿ ಇದ್ದವರಿಗೆ ಪೂರ್ತಿ ಡೋಸ್ ಕೊಟ್ಟರೆ ಹೃದಯಕ್ಕೆ ದುಡಿಮೆ ಜಾಸ್ತಿ. ಸಣ್ಣ ಪ್ರಮಾಣದಲ್ಲಿ ನೋವಿಗೆ ಬಹಳ ಉಪಯೋಗ.

ಹೆಸರು ಹೇಳಿ ಕೇಳಬೇಡಿ ಎಂದು ನಾನು ಹೇಳುವುದಿಲ್ಲ. ಕೇಳಿ, ನಿಮಗೆ ಹಕ್ಕಿದೆ. ಆದರೆ "ಯಾವ ಔಷಧ" ಎನ್ನುವುದಕ್ಕಿಂತ "ಅಪ್ಪನ ಬಿಪಿ ಎಷ್ಟಕ್ಕಿಂತ ಕೆಳಗೆ ಹೋಗದ ಹಾಗೆ ನೋಡುತ್ತೀರಿ" ಎಂದು ಕೇಳಿದರೆ ಉತ್ತರ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಪಿಜಿ ವಿದ್ಯಾರ್ಥಿನಿ, ಬೆಳಗಾವಿ:
ಸರ್, ಡೆಕ್ಸ್‌ಮೆಡಿಟೊಮಿಡಿನ್ ಬಗ್ಗೆ ನೀವು ಬರೆಯಲೇ ಇಲ್ಲ! ಬೆನ್ನುಮೂಳೆ ಕೇಸುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಅದೇ. ಟ್ಯೂಬ್ ಹಾಕುವ ಮುಂಚೆ ಹತ್ತು ನಿಮಿಷ ಓಡಿಸಿದರೆ ಬಿಪಿ, ನಾಡಿ ಎರಡೂ ಜಿಗಿಯುವುದಿಲ್ಲ. ಪ್ರೊಪೊಫಾಲ್, ನೋವು ತಡೆಯುವ ಫೆಂಟಾನಿಲ್ ಎರಡೂ ಕಡಿಮೆ ಸಾಕಾಗುತ್ತವೆ. ಉಸಿರಾಟವನ್ನು ಹೆಚ್ಚು ಕುಗ್ಗಿಸುವುದಿಲ್ಲ. ಎಚ್ಚರ ಆಗುವಾಗ ಒದ್ದಾಟ, ಕೆಮ್ಮು ಕಡಿಮೆ. ಮಾನಿಟರಿನ ಗೆರೆ ಗೋಳಗುಮ್ಮಟದ ಮುಂದಿನ ಅಂಗಳದ ಹಾಗೆ ಸಪಾಟಾಗಿ ಹೋಗುತ್ತದೆ.

ಅರಿವಳಿಕೆ ವೈದ್ಯ, ವಿಜಯಪುರ:
ತಂಗಿ, ಒಪ್ಪುತ್ತೇನೆ. ಬೇಕೆಂದೇ ನಿಮಗೆ ಬಿಟ್ಟಿದ್ದೆ. ಆದರೆ ಅದರ ಇನ್ನೊಂದು ಮುಖವನ್ನೂ ಇವರಿಗೆ ಹೇಳಬೇಕು. ಕಿಲೋಗೆ 1 ಮೈಕ್ರೋಗ್ರಾಂ ಲೋಡಿಂಗ್ ಡೋಸನ್ನು, ಅಂದರೆ ಶುರುವಿನಲ್ಲಿ ಕೊಡುವ ದೊಡ್ಡ ಡೋಸನ್ನು, ಅವಸರದಲ್ಲಿ ಕೊಟ್ಟರೆ ಮೊದಲು ಬಿಪಿ ಏರುತ್ತದೆ, ಆಮೇಲೆ ಇಳಿಯುತ್ತದೆ, ನಾಡಿ 45ಕ್ಕೆ ಬರುತ್ತದೆ. 60 ದಾಟಿದವರಲ್ಲಿ ನಾನು ಲೋಡಿಂಗ್ ಡೋಸನ್ನು ಅರ್ಧ ಮಾಡುತ್ತೇನೆ ಅಥವಾ ಬಿಟ್ಟೇ ಬಿಡುತ್ತೇನೆ. ತಾಸಿಗೆ ಕಿಲೋಗೆ 0.2ರಿಂದ 0.4 ಮೈಕ್ರೋಗ್ರಾಂ ಸಣ್ಣಗೆ ಓಡಿಸಿದರೆ ಸಾಕು. ನಾಡಿ ನಿಧಾನ ಮಾಡುವ ಬೀಟಾ ಬ್ಲಾಕರ್ ಗುಳಿಗೆ ನುಂಗುವವರಿದ್ದರೆ ಇನ್ನೂ ಹುಷಾರು.

ಬನಹಟ್ಟಿಯವರೇ, ನಿಮ್ಮ ಅಪ್ಪ ತಂಬಾಕು, ಗುಟಕಾ ಹಾಕುತ್ತಾರಾ? ಬಾಯಿ ತೆರೆದರೆ ಎಷ್ಟು ಬೆರಳು ಹಿಡಿಯುತ್ತದೆ ನೋಡಿ ಹೇಳಿ.

ಬನಹಟ್ಟಿ ಮಗ್ಗ:
ಸರ್, ತಂಬಾಕು ಸುಣ್ಣ ಹಾಕುತ್ತಿದ್ದರು. ನಡುವೆ ಕೆಲವು ವರ್ಷ ಗುಟಕಾ ಕೂಡ. ಈಗಷ್ಟೇ ನೋಡಿದೆ, ಎರಡು ಬೆರಳು ಸಲೀಸಾಗಿ ಹೋಗುತ್ತವೆ, ಮೂರನೆಯದು ಹೋಗುವುದಿಲ್ಲ. ಖಾರ ತಿಂದರೆ ಬಾಯಿ ಉರಿ ಅನ್ನುತ್ತಾರೆ. ಇದಕ್ಕೂ ಬಿಪಿಗೂ ಏನು ಸಂಬಂಧ?

ಅರಿವಳಿಕೆ ವೈದ್ಯ, ವಿಜಯಪುರ:
ನೇರ ಸಂಬಂಧ ಇದೆ. ಅಡಿಕೆ, ಗುಟಕಾದಿಂದ ಕೆನ್ನೆಯ ಒಳಗಿನ ಚರ್ಮ ಬಿಗಿದು ಬಾಯಿ ಸಣ್ಣದಾಗುತ್ತದೆ. ಖಾರಕ್ಕೆ ಉರಿ ಬರುವುದೂ ಅದರ ಗುರುತೇ. ಬಾಯಿ ಚೆನ್ನಾಗಿ ತೆರೆದರೆ ಟ್ಯೂಬ್ ಹಾಕಲು ಹದಿನೈದು ಸೆಕೆಂಡು. ಬಿಗಿದಿದ್ದರೆ ಒಂದು ನಿಮಿಷವೂ ಆಗಬಹುದು, ಎರಡು ಸಲ ಯತ್ನಿಸಬೇಕಾಗಬಹುದು. ಗಂಟಲು ಕೆರಳಿದಷ್ಟು ಹೊತ್ತು ಬಿಪಿ ಏರುತ್ತಲೇ ಇರುತ್ತದೆ. ನಮ್ಮ ಮೂರು ಜಿಲ್ಲೆಗಳಲ್ಲಿ ಇದು ವಾರಕ್ಕೆ ಹಲವು ಸಲ ಕಾಣುವ ತೊಂದರೆ. ವಿದೇಶದ ಪುಸ್ತಕಗಳಲ್ಲಿ ಔಷಧಗಳ ಹೋಲಿಕೆ ಓದುವಾಗ ನಮ್ಮ ರೋಗಿಯ ಬಾಯಿ ಅಲ್ಲಿರುವುದಿಲ್ಲ. ಮೊದಲೇ ಹೇಳಿದರೆ ಕ್ಯಾಮೆರಾದಲ್ಲಿ ಗಂಟಲು ನೋಡುವ ವಿಡಿಯೋ ಲಾರಿಂಗೋಸ್ಕೋಪ್ ಇಟ್ಟುಕೊಳ್ಳುತ್ತಾರೆ. ಇದನ್ನು ಬೆಳಗಾವಿಯ ಡಾಕ್ಟರಿಗೆ ಖಂಡಿತ ಹೇಳಿ.

ಗೋಕಾಕ ಮಾಸ್ತರ:
ನನಗೊಂದು ಸಂಶಯ. ನನ್ನ ಅಣ್ಣನಿಗೆ ಬಹಳ ಹಿಂದೆ ಬೆನ್ನಿನ ಆಪರೇಷನ್ ಆದಾಗ, ರಕ್ತ ಹೋಗಬಾರದು ಎಂದು ಬಿಪಿಯನ್ನು ಬೇಕೆಂದೇ ಇಳಿಸಿದ್ದೇವೆ ಎಂದಿದ್ದರು. ನೀವೆಲ್ಲ ಇಳಿಯಬಾರದು ಎನ್ನುತ್ತಿದ್ದೀರಿ. ಯಾವುದು ಸರಿ?

ಅರಿವಳಿಕೆ ವೈದ್ಯ, ವಿಜಯಪುರ:
ಮಾಸ್ತರೇ, ಆ ಕಾಲಕ್ಕೆ ಅದು ರೂಢಿ. ಸರಾಸರಿ ಒತ್ತಡವನ್ನು, ಅಂದರೆ ಮೇಲಿನ ಕೆಳಗಿನ ಬಿಪಿ ಎರಡರಿಂದ ಲೆಕ್ಕ ಹಾಕುವ ಅಂಕಿಯನ್ನು, 55, 60ಕ್ಕೆ ಇಳಿಸಿ ಮಾಡುತ್ತಿದ್ದರು. ಗಾಯ ಒಣಗಿದ ಹಾಗೆ ಕಾಣುತ್ತಿತ್ತು, ಸರ್ಜನ್‌ಗೆ ಅನುಕೂಲ. ಆದರೆ ಬೆನ್ನುಹುರಿಗೂ, ಕಣ್ಣಿನ ನರಕ್ಕೂ, ಕಿಡ್ನಿಗೂ ರಕ್ತ ತಲುಪಲು ಒತ್ತಡ ಬೇಕು. ಬೋರಲು ಮಲಗಿದಾಗ ಮುಖ ಬಾತುಕೊಳ್ಳುತ್ತದೆ, ಕಣ್ಣಿನ ಹಿಂದೆ ರಕ್ತ ನಿಲ್ಲುತ್ತದೆ. ಆರು ತಾಸು ದಾಟಿದ, ರಕ್ತ ಬಹಳ ಹೋದ ಬೆನ್ನುಮೂಳೆ ಆಪರೇಷನ್ ನಂತರ ದೃಷ್ಟಿ ಹೋದ ಉದಾಹರಣೆಗಳು ಜಗತ್ತಿನಲ್ಲಿ ದಾಖಲಾಗಿವೆ. ಬಹಳ ಅಪರೂಪ, ಆದರೆ ಹೋದರೆ ಸಾಮಾನ್ಯವಾಗಿ ಮರಳುವುದಿಲ್ಲ. ವರ್ಷಗಟ್ಟಲೆ ಬಿಪಿ ಇದ್ದವರ ಮೆದುಳು, ಕಿಡ್ನಿ ಎತ್ತರದ ಒತ್ತಡಕ್ಕೆ ಹೊಂದಿಕೊಂಡಿರುತ್ತವೆ. ನಿಮಗೆ ನನಗೆ ಸಾಕಾಗುವ ಬಿಪಿ ಅವರಿಗೆ ಸಾಲುವುದಿಲ್ಲ. ಆದ್ದರಿಂದ ಇಂಥವರಲ್ಲಿ ನಾನು ಬೇಕೆಂದೇ ಇಳಿಸುವುದಿಲ್ಲ.

ರಕ್ತ ಉಳಿಸಲು ಬೇರೆ ದಾರಿ ಇದೆ. ಟ್ರಾನೆಕ್ಸಾಮಿಕ್ ಆಸಿಡ್ ಕೊಡುತ್ತೇವೆ. ಅದಕ್ಕಿಂತ ದೊಡ್ಡದು ಹೊಟ್ಟೆ. ಸಿಸ್ಟರ್, ನೀವೇ ಹೇಳಿ.

ಓಟಿ ಸಿಸ್ಟರ್, ಬಾಗಲಕೋಟೆ:
ಬೋರಲು ಮಲಗಿಸಿದಾಗ ಹೊಟ್ಟೆ ತೂಗುತ್ತಿರಬೇಕು. ಎದೆ ಕೆಳಗೆ, ಸೊಂಟದ ಎಲುಬಿನ ಕೆಳಗೆ ಬೋಲ್ಸ್ಟರ್, ಅಂದರೆ ಗಟ್ಟಿ ದಿಂಬು ಇಡುತ್ತೇವೆ. ನಡುವೆ ನನ್ನ ಕೈ ಸಲೀಸಾಗಿ ಆಚೆ ಈಚೆ ಹೋಗಬೇಕು. ಹೋಗದಿದ್ದರೆ ಮತ್ತೆ ಎತ್ತಿ ಸರಿ ಮಾಡಿಸುತ್ತೇನೆ, ಯಾರು ಅವಸರ ಮಾಡಿದರೂ ಬಿಡುವುದಿಲ್ಲ. ಹೊಟ್ಟೆ ಒತ್ತಿದರೆ ಕೆಳಗಿನ ದೊಡ್ಡ ನಾಳ ಒತ್ತಿಕೊಂಡು ಹೃದಯಕ್ಕೆ ರಕ್ತ ಬರುವುದು ಕಡಿಮೆ. ಬಿಪಿ ಇಳಿಯುತ್ತದೆ. ಹೋಗಲು ದಾರಿ ಇಲ್ಲದ ರಕ್ತ ಬೆನ್ನುಮೂಳೆಯ ಸುತ್ತಲಿನ ನಾಳಗಳಲ್ಲಿ ತುಂಬಿ ಗಾಯದಲ್ಲಿ ಸೋರುತ್ತದೆ. ಬಿಪಿಯೂ ಕೆಟ್ಟಿತು, ರಕ್ತವೂ ಹೋಯಿತು. ಒಂದು ಸಲ ಎಷ್ಟು ಔಷಧ ಓಡಿಸಿದರೂ ಬಿಪಿ ಏರುತ್ತಿರಲಿಲ್ಲ. ಬಟ್ಟೆಯ ಕೆಳಗೆ ಕೈ ಹಾಕಿ ನೋಡಿದರೆ ಬೋಲ್ಸ್ಟರ್ ಹೊಟ್ಟೆಗೆ ಜಾರಿತ್ತು. ಎಳೆದ ಮೇಲೆ ತಾನಾಗೇ ಸರಿಹೋಯಿತು.

ಅರಿವಳಿಕೆ ವೈದ್ಯ, ವಿಜಯಪುರ:
ಇದು ಹೊಸ ಮಾತಲ್ಲ. 1967ರಲ್ಲಿ ಟೊರಾಂಟೋದ ರೆಲ್ಟನ್ ಮತ್ತು ಹಾಲ್ ಎಂಬ ವೈದ್ಯರು ಹೊಟ್ಟೆ ತೂಗುವ ಹಾಗೆ ನಾಲ್ಕು ಆಧಾರಗಳ ಚೌಕಟ್ಟು ಮಾಡಿದ್ದು ಇದಕ್ಕೇ. ಇಂದಿಗೂ ಅದೇ ತತ್ವ.

ಪಿಜಿ ವಿದ್ಯಾರ್ಥಿನಿ, ಬೆಳಗಾವಿ:
ಸರ್, ಎಷ್ಟಕ್ಕೆ ಇಡಬೇಕು ಎನ್ನುವುದರಲ್ಲೇ ನನಗೆ ಗೊಂದಲ. 2017ರಲ್ಲಿ ಫ್ರಾನ್ಸಿನಲ್ಲಿ ಸುಮಾರು 300 ರೋಗಿಗಳ ಮೇಲೆ ಅಧ್ಯಯನ ಆಯಿತು. ಬೇರೆ ಬೇರೆ ದೊಡ್ಡ ಆಪರೇಷನ್‌ಗಳು. ರೋಗಿಯ ಎಂದಿನ ಬಿಪಿಯಿಂದ ನೂರಕ್ಕೆ ಹತ್ತರೊಳಗೆ ಹಿಡಿದಿಟ್ಟವರಲ್ಲಿ ಅಂಗಾಂಗದ ತೊಂದರೆ ನೂರಕ್ಕೆ 38. ವಾಡಿಕೆಯಂತೆ ನೋಡಿದವರಲ್ಲಿ 52. ಇದನ್ನು ಓದಿ ಎಲ್ಲರಿಗೂ ಬಿಗಿಯಾಗಿ ಹಿಡಿಯಬೇಕು ಅನ್ನಿಸಿತು. ಆಮೇಲೆ ಪಾಯಿಸ್-3 ಎಂಬ ಅಧ್ಯಯನ ಬಂತು. 7,490 ರೋಗಿಗಳು. ಸರಾಸರಿ ಒತ್ತಡ 80ರ ಮೇಲೆ ಇಡುವುದು, 60ರ ಮೇಲೆ ಇಡುವುದು, ಹೀಗೆ ಎರಡು ಗುಂಪು. ಹೃದಯ, ರಕ್ತನಾಳದ ತೊಂದರೆ ಎರಡರಲ್ಲೂ ನೂರಕ್ಕೆ 14. ಯಾವುದನ್ನು ನಂಬಬೇಕು?

ಅರಿವಳಿಕೆ ವೈದ್ಯ, ವಿಜಯಪುರ:
ಎರಡನ್ನೂ ನಂಬಬೇಕು. ಮೊದಲನೆಯದು ಚಿಕ್ಕದು, ಆದರೆ ಪ್ರತಿ ರೋಗಿಯ ಸ್ವಂತ ಬಿಪಿಯನ್ನು ಅಳತೆ ಮಾಡಿಕೊಂಡಿತು. ಎರಡನೆಯದು ದೊಡ್ಡದು, ಆದರೆ ಎಲ್ಲರಿಗೂ ಒಂದೇ ಅಂಕಿ. ನಾನು ರೋಗಿಯ ಮನೆಯ ಬಿಪಿಯನ್ನು ಹಿಡಿದು ಹೋಗುತ್ತೇನೆ. ಬೆನ್ನುಹುರಿಗೇ ಪೆಟ್ಟಾಗಿ ಬಂದವರ ವಿಷಯ ಬೇರೆ. ಅವರಲ್ಲಿ ಒತ್ತಡವನ್ನು ಇನ್ನೂ ಎತ್ತರಕ್ಕೆ ಇಡುತ್ತೇವೆ. 2013ರ ಅಮೆರಿಕದ ಸೂಚನೆಯಲ್ಲಿ ಮೊದಲ ಒಂದು ವಾರ 85ರಿಂದ 90 ಎಂದಿತ್ತು.

ಬನಹಟ್ಟಿಯವರೇ, ಒಂದು ಕೆಲಸ ಮಾಡಿ. ಏಳು ದಿನ ಬೆಳಿಗ್ಗೆ, ಸಂಜೆ ಅಪ್ಪನನ್ನು ಐದು ನಿಮಿಷ ಸುಮ್ನೆ ಕೂರಿಸಿ ಬಿಪಿ ನೋಡಿ ಬರೆದಿಡಿ. ದವಾಖಾನೆಯಲ್ಲಿ ಹೆದರಿಕೆಯಿಂದ ಬಿಪಿ ಸುಳ್ಳು ಹೇಳುತ್ತದೆ.

ಮುಧೋಳ ಮೆಡಿಕಲ್ ಅಂಗಡಿ:
ನನ್ನದೊಂದು ವಿನಂತಿ. ಸೊಂಟ ನೋವಿಗೆ ನೇಕಾರರು, ಕಬ್ಬು ಕಡಿಯುವವರು ಡೈಕ್ಲೋಫೆನಾಕ್ ಗುಳಿಗೆ ಚೀಟಿ ಇಲ್ಲದೆ ಕೇಳುತ್ತಾರೆ, ತಿಂಗಳುಗಟ್ಟಲೆ ನುಂಗುತ್ತಾರೆ. ಆ ಗುಳಿಗೆ ಬಿಪಿ ಏರಿಸುತ್ತದೆ, ಕಿಡ್ನಿಗೆ ಪೆಟ್ಟು. ಟೆಲ್ಮಿಸಾರ್ಟಾನ್ ಜೊತೆಗೆ ಸೇರಿದರೆ ಇನ್ನೂ ಕೆಟ್ಟದ್ದು. ಡಾಕ್ಟರ್ ಕೇಳಿದಾಗ "ಬಿಪಿ ಗುಳಿಗೆ ಮಾತ್ರ" ಎನ್ನುತ್ತಾರೆ. ನೋವಿನ ಗುಳಿಗೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬನಹಟ್ಟಿ ಮಗ್ಗ:
ಅಣ್ಣಾ, ಓದಿ ಅಪ್ಪನನ್ನು ಕೇಳಿದೆ. ದಿನಕ್ಕೆ ಎರಡರಂತೆ ಒಂದು ವರ್ಷದಿಂದ ನುಂಗುತ್ತಿದ್ದಾರೆ. ಮಗ್ಗದ ಪಕ್ಕದ ಗೂಡಿನಲ್ಲಿ ಪಟ್ಟಿ ಸಿಕ್ಕಿತು. ನಮಗ್ಯಾರಿಗೂ ಗೊತ್ತಿರಲಿಲ್ಲ. ಬೆಳಗಾವಿಗೆ ಫೋನ್ ಮಾಡಿದೆ. ಇವತ್ತೇ ನಿಲ್ಲಿಸಿ, ಕಿಡ್ನಿ ನೋಡಲು ಕ್ರಿಯಾಟಿನಿನ್ ರಕ್ತ ಪರೀಕ್ಷೆ ಮಾಡಿಸಿ ಎಂದರು.

ಇಳಕಲ್ ಅಕ್ಕ:
ನಾನೂ ಒಂದು ಹೇಳಲೇಬೇಕು. ಎರಡು ವರ್ಷದ ಹಿಂದೆ ನಮ್ಮ ಯಜಮಾನರಿಗೆ ಕುತ್ತಿಗೆಯ ಆಪರೇಷನ್. ಯಾವ ಊರು, ಯಾವ ದವಾಖಾನೆ ಬೇಡ. ರಾತ್ರಿ ಎಂಟಕ್ಕೆ ರೊಟ್ಟಿ ತಿಂದವರು. ಆಮೇಲೆ ಒಂದು ಹನಿ ನೀರೂ ಕೊಡಬೇಡಿ ಎಂದರು. ಬೆಳಿಗ್ಗೆ ಎಂಟರ ಆಪರೇಷನ್ ಮಧ್ಯಾಹ್ನ ಎರಡಾಯಿತು. ಮೇ ತಿಂಗಳು. ವಾರ್ಡಿನಲ್ಲಿ ಫ್ಯಾನ್ ಬಿಸಿ ಗಾಳಿ ಬೀಸುತ್ತಿತ್ತು. ತುಟಿ ಒಣಗಿ ಬಿರಿದಿತ್ತು. ನೀರು ಕೇಳಿದರೂ ನಾನು ಕೊಡಲಿಲ್ಲ, ಅವರ ಒಳ್ಳೆಯದಕ್ಕೇ ಎಂದುಕೊಂಡೆ. ಒಳಗೆ ಮಲಗಿಸಿದ ಕೂಡಲೇ ಬಿಪಿ ಬಹಳ ಇಳಿದು, ಕೆಲಸ ಶುರು ಮಾಡಲು ಮುಕ್ಕಾಲು ತಾಸು ತಡವಾಯಿತು ಎಂದು ಆಮೇಲೆ ತಿಳಿಯಿತು. ಆ ನೀರಿನ ಲೋಟ ಇನ್ನೂ ಕಣ್ಣ ಮುಂದೆ ಬರುತ್ತದೆ.

ಓಟಿ ಸಿಸ್ಟರ್, ಬಾಗಲಕೋಟೆ:
ಅಕ್ಕಾ, ನಿಮ್ಮ ತಪ್ಪಲ್ಲ. ನಿಮಗೆ ಹೇಳಿದ್ದೇ ಹಾಗೆ. ಸರಿಯಾದ ಲೆಕ್ಕ ಹೀಗಿದೆ: ರೊಟ್ಟಿ, ಅನ್ನ, ಹಾಲು, ಹಾಲಿನ ಚಹಾ ಆರು ತಾಸು ಮುಂಚೆ ನಿಲ್ಲಬೇಕು. ಕರಿದದ್ದು, ಮಾಂಸ ಎಂಟು ತಾಸು. ಬರೀ ನೀರು ಎರಡು ತಾಸು ಮುಂಚಿನವರೆಗೂ ಕುಡಿಯಬಹುದು. ಹೊಟ್ಟೆಯ ಕಾಯಿಲೆ, ತುಂಬಾ ದಿನದ ಸಕ್ಕರೆ ಕಾಯಿಲೆ ಇದ್ದವರಿಗೆ ಡಾಕ್ಟರ್ ಬೇರೆ ಹೇಳಬಹುದು. ಆಪರೇಷನ್ ಮುಂದೆ ಹೋದರೆ ವಾರ್ಡಿನವರನ್ನು "ಈಗ ನೀರು ಕೊಡಬಹುದಾ, ಇಲ್ಲ ಸಲೈನ್ ಹಾಕುತ್ತೀರಾ" ಎಂದು ಕೇಳಿ. ಮೈಯಲ್ಲಿ ನೀರಿಲ್ಲದವರಿಗೆ ಯಾವ ಮತ್ತಿನ ಔಷಧ ಕೊಟ್ಟರೂ ಬಿಪಿ ಇಳಿಯುತ್ತದೆ.

ಬನಹಟ್ಟಿ ಮಗ್ಗ:
ಏಳು ದಿನದ್ದು ಬರೆದೆ. ಹೆಚ್ಚು ಕಡಿಮೆ 140/80 ಬರುತ್ತಿದೆ. ಡೈಕ್ಲೋಫೆನಾಕ್ ಬಿಟ್ಟ ಮೇಲೆ ಸ್ವಲ್ಪ ಇಳಿದಿದೆ. ಕ್ರಿಯಾಟಿನಿನ್ 1.3. ಬೆಳಿಗ್ಗೆಯ ಟೆಲ್ಮಿಸಾರ್ಟಾನ್ ಆಪರೇಷನ್ ದಿನ ಕೊಡಬೇಕಾ?

ಅರಿವಳಿಕೆ ವೈದ್ಯ, ವಿಜಯಪುರ:
ಲೆಕ್ಕ ಸುಲಭ. 140ರಲ್ಲಿ 80 ಕಳೆದರೆ 60. ಅದರ ಮೂರನೇ ಒಂದು ಭಾಗ 20. 80ಕ್ಕೆ 20 ಕೂಡಿಸಿ, ಸರಾಸರಿ ಒತ್ತಡ 100. ಅದರಲ್ಲಿ ನೂರಕ್ಕೆ ಇಪ್ಪತ್ತು ಬಿಟ್ಟರೆ 80. ಅಪ್ಪನನ್ನು 80ರ ಮೇಲೆ ಇಟ್ಟರೆ ನನಗೆ ಸಮಾಧಾನ. ಬೇರೆಯವರಿಗೆ ಹೇಳುವ 65 ಇವರಿಗೆ ಕಡಿಮೆ.

ಗುಳಿಗೆಯ ಬಗ್ಗೆ 2024ರಲ್ಲಿ ಫ್ರಾನ್ಸಿನಿಂದ 2,222 ರೋಗಿಗಳ ಅಧ್ಯಯನ ಬಂದಿದೆ. ಟೆಲ್ಮಿಸಾರ್ಟಾನ್ ಜಾತಿಯ ಗುಳಿಗೆ ಮುಂದುವರಿಸಿದವರಲ್ಲಿ, ಎರಡು ದಿನ ಮುಂಚೆ ನಿಲ್ಲಿಸಿದವರಲ್ಲಿ ಆಮೇಲಿನ ತೊಂದರೆಗಳು ಒಂದೇ, ನೂರಕ್ಕೆ 22. ಆದರೆ ಆಪರೇಷನ್ ನಡೆಯುವಾಗ ಬಿಪಿ ಇಳಿದದ್ದು ಮುಂದುವರಿಸಿದವರಲ್ಲಿ 54, ನಿಲ್ಲಿಸಿದವರಲ್ಲಿ 41. ಬೋರಲು ಮಲಗುವ ಉದ್ದದ ಕೇಸಿಗೆ ನಾನು ಒಂದು ದಿನ ಮುಂಚೆ ನಿಲ್ಲಿಸುತ್ತೇನೆ, ಆಮ್ಲೊಡಿಪಿನ್ ಬಿಡಿಸುವುದಿಲ್ಲ. ಆದರೆ ಕೊನೆಯ ಮಾತು ನಿಮ್ಮ ಡಾಕ್ಟರದ್ದು. ಅವರು ಹೇಳಿದಂತೆ ಮಾಡಿ.

ಬನಹಟ್ಟಿ ಮಗ್ಗ:
ಎಲ್ಲರಿಗೂ ತಿಳಿಸಬೇಕು. ಮಂಗಳವಾರ ಆಪರೇಷನ್ ಆಯಿತು. ಮುಂಚಿನ ದಿನ ಅರಿವಳಿಕೆ ಕೊಡುವ ಡಾಕ್ಟರಿಗೆ ಒಂದು ಹಾಳೆ ಕೊಟ್ಟೆ: ಏಳು ದಿನದ ಬಿಪಿ, ಎಲ್ಲ ಗುಳಿಗೆ, ನೋವಿನ ಗುಳಿಗೆ ಸಹ, ಬಾಯಿ ಎರಡು ಬೆರಳು. ಪೂರ್ತಿ ಓದಿದರು. "ಇದನ್ನು ಎಲ್ಲರೂ ತಂದರೆ ನಮ್ಮ ಕೆಲಸ ಎಷ್ಟು ಹಗುರ" ಎಂದರು. ಟೆಲ್ಮಿಸಾರ್ಟಾನ್ ಬಿಡಿಸಿದರು. ಬೆಳಿಗ್ಗೆ ಆರಕ್ಕೆ ಒಂದು ಲೋಟ ನೀರು ಕುಡಿಸಲು ಅವರೇ ಹೇಳಿದರು.

ಸಂಜೆ ಅವರನ್ನು ಕೇಳಿದೆ. ಪ್ರೊಪೊಫಾಲ್ ಕಡಿಮೆ ಡೋಸ್, ಜೊತೆಗೆ ಫೆಂಟಾನಿಲ್. ಟ್ಯೂಬ್ ವಿಡಿಯೋ ನೋಡಿಕೊಂಡು ಹಾಕಿದರಂತೆ, ಮೊದಲ ಸಲಕ್ಕೇ ಹೋಯಿತು. ಮೇಲಿನ ಬಿಪಿ 160 ದಾಟಲಿಲ್ಲ. ಆಮೇಲೆ ಉಸಿರಿನ ಜೊತೆ ಕೊಡುವ ಮತ್ತಿನ ಔಷಧ ಸೆವೊಫ್ಲುರೇನ್ ಸ್ವಲ್ಪ, ಡೆಕ್ಸ್‌ಮೆಡಿಟೊಮಿಡಿನ್ ಸಣ್ಣಗೆ. ಲೋಡಿಂಗ್ ಕೊಡಲಿಲ್ಲ. ಬೋರಲು ತಿರುಗಿಸಿದಾಗ ಸರಾಸರಿ 71ಕ್ಕೆ ಇಳಿಯಿತು. ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಪಂಪಿನಲ್ಲಿ ಶುರು ಮಾಡಿ ನಾಲ್ಕು ನಿಮಿಷದಲ್ಲಿ 80ರ ಮೇಲೆ ತಂದರು. ಮಣಿಕಟ್ಟಿನ ನಾಳದಲ್ಲಿ ಸಣ್ಣ ಪೈಪ್ ಇಟ್ಟಿದ್ದರಿಂದ ಪ್ರತಿ ಬಡಿತಕ್ಕೂ ಬಿಪಿ ಕಾಣುತ್ತಿತ್ತು. ಬರೀ ತೋಳಿನ ಪಟ್ಟಿ ಇದ್ದಿದ್ದರೆ ಐದು ನಿಮಿಷ ಗೊತ್ತಾಗುತ್ತಿರಲಿಲ್ಲ ಎಂದರು. ರಕ್ತ ಹಾಕುವ ಪ್ರಸಂಗ ಬರಲಿಲ್ಲ.

ಪಿಜಿ ವಿದ್ಯಾರ್ಥಿನಿ, ಬೆಳಗಾವಿ:
ನಾಲ್ಕು ನಿಮಿಷ! ಓದಿ ಬಹಳ ಖುಷಿಯಾಯಿತು. ಆ ಹಾಳೆಯ ಫೋಟೋ ಕಳಿಸುತ್ತೀರಾ, ಅಪ್ಪನ ಹೆಸರು ಮುಚ್ಚಿ? ನಮ್ಮ ಓಪಿಡಿಯಲ್ಲಿ ಅದೇ ರೀತಿ ಕನ್ನಡದಲ್ಲಿ ಒಂದು ಚೀಟಿ ಮಾಡಿ ಕೊಡಬೇಕೆಂದಿದ್ದೇನೆ.

ಬನಹಟ್ಟಿ ಮಗ್ಗ:
ಖಂಡಿತ ಕಳಿಸುತ್ತೇನೆ ಅಕ್ಕಾ. ಸರ್, ಕೊನೆಯದಾಗಿ ಒಂದು. ಇವತ್ತು ಮೂರನೇ ದಿನ. ಬೆಳಿಗ್ಗೆ ಬಿಪಿ 152/88. ಅಪ್ಪ ವಾಕರ್ ಹಿಡಿದು ವಾರ್ಡಿನ ಬಾಗಿಲವರೆಗೆ ನಡೆದರು, ಕಾಲು ಭಾರ ಅನ್ನಲಿಲ್ಲ. ಟೆಲ್ಮಿಸಾರ್ಟಾನ್ ಇನ್ನೂ ಶುರು ಮಾಡಿಲ್ಲ.

ಅರಿವಳಿಕೆ ವೈದ್ಯ, ವಿಜಯಪುರ:
ಇವತ್ತಿನ ರೌಂಡ್ಸ್‌ನಲ್ಲೇ ಕೇಳಿ. ಊಟ ನೀರು ಸರಿ ಇದ್ದು, ಮೂತ್ರ ಚೆನ್ನಾಗಿ ಹೋಗುತ್ತಿದ್ದು, ಕ್ರಿಯಾಟಿನಿನ್ ಏರಿಲ್ಲದಿದ್ದರೆ ಸಾಮಾನ್ಯವಾಗಿ ಎರಡನೇ ದಿನಕ್ಕೇ ಮತ್ತೆ ಶುರು ಮಾಡುತ್ತಾರೆ. ನಿಲ್ಲಿಸಿದ ಗುಳಿಗೆಯನ್ನು ಮರಳಿ ಬರೆಯುವುದು ಎಷ್ಟೋ ಸಲ ಮರೆತು ಹೋಗುತ್ತದೆ. ಡಿಸ್‌ಚಾರ್ಜ್ ಚೀಟಿಯಲ್ಲಿ ಅದರ ಹೆಸರು ಇದೆಯಾ ಎಂದು ನೋಡಿಕೊಂಡೇ ಹೊರಡಿ. ಡೈಕ್ಲೋಫೆನಾಕ್ ಬರೆದಿದ್ದರೆ ಕಿಡ್ನಿ ವಿಷಯ ನೆನಪಿಸಿ.